ಬಾಣದ ಗುರುತಿಲ್ಲದ ಫರಸಿ ಕಲ್ಲು

೨೦೨೪ರ ಏಪ್ರಿಲ್ ತಿಂಗಳ ಎರಡನೆಯ ಶನಿವಾರ ಸಂಜೆ, ಶಹಾಡ್ ಸ್ಟೇಶನ್ನಿನ ಹತ್ತಿರದ ಒಂದು ಕಟ್ಟಡದ ಸೈಟಿನಲ್ಲಿ, ನನ್ನ ಮಗಳ ಎಂ.ಎಸ್ಸಿ. ಪ್ರಬಂಧಕ್ಕೆ ಬೇಕಾಗಿದ್ದ ಸುಣ್ಣಕಲ್ಲಿನ ತುಂಡೊಂದನ್ನು ಆಸಿಡ್ ಹಾಕಿ ತೊಳೆಯಲಾಯಿತು. ಕಲ್ಲಿನ ಮೇಲೆ ಮಾರ್ಕರ್ ಪೆನ್ನಿನಿಂದ ಬರೆದ ಎರಡು ಬಾಣಗಳಿದ್ದವು. ಗಣಿಯಲ್ಲಿದ್ದಾಗ ಕಲ್ಲಿನ ಯಾವ ಕಡೆ ಮೇಲಿತ್ತು ಎಂದು ಒಂದು ಬಾಣ ತೋರಿಸುತ್ತಿತ್ತು, ಉತ್ತರ ಯಾವ ಕಡೆ ಎಂದು ಇನ್ನೊಂದು. ತೊಳೆದ ಮೇಲೆ ಎರಡೂ ಉಳಿಯಲಿಲ್ಲ.

ನಮಗೆ ಇದು ಗೊತ್ತಾದದ್ದು ಮರುದಿನ. ಭಾನುವಾರವಾದ್ದರಿಂದ ಹಳಿ ದುರಸ್ತಿಯ ಮೆಗಾ ಬ್ಲಾಕ್ ಇತ್ತು. ಡೋಂಬಿವಲಿಯಿಂದ ಕಲ್ಯಾಣಕ್ಕೆ ಬರುವಷ್ಟರಲ್ಲಿ ಗಾಡಿ ಎರಡು ಸಲ ನಡುದಾರಿಯಲ್ಲಿ ನಿಂತಿತು. ಕಲ್ಯಾಣದಲ್ಲಿ ಕಸಾರಾ ಕಡೆಯ ಗಾಡಿಗೆ ಪ್ಲಾಟ್‌ಫಾರ್ಮ್ ಬದಲಾಯಿತು ಎಂದು ಮೈಕಿನಲ್ಲಿ ಕೂಗಿದರು. ನಾವು ಬ್ರಿಜ್ ಹತ್ತಿ ಇಳಿದಾಗ ಗಾಡಿ ಹಳೆಯ ಪ್ಲಾಟ್‌ಫಾರ್ಮಿಗೇ ಬಂದು ಹೋಗಿತ್ತು. ಮಗಳು ಕಲ್ಲು ಹೊರಲು ದಪ್ಪ ಬ್ಯಾಗು, ಸುತ್ತಲು ಹಳೆಯ ಟವೆಲು ತಂದಿದ್ದಳು. ಬಾಣದ ಗುರುತು ಉಜ್ಜಿ ಅಳಿಸಿಹೋಗಬಾರದು ಎಂದು ಟವೆಲು.

ಮಗಳು ಹುಟ್ಟಿ ಬೆಳೆದದ್ದು ಡೋಂಬಿವಲಿಯಲ್ಲಿ. ನನ್ನ ಗಂಡನ ಮನೆಯವರು ಉಡುಪಿಯ ಕಡೆಯಿಂದ ಬಂದು ಇಲ್ಲಿ ಸಸ್ಯಾಹಾರಿ ಹೋಟೆಲು ಹಾಕಿದವರು. ಮನೆಯಲ್ಲಿ ತುಳು, ಹೋಟೆಲಿನಲ್ಲಿ ಹಿಂದಿ, ನನ್ನ ಜೊತೆ ಕನ್ನಡ ಎಂದು ಬೆಳೆಸಿದೆವು. ಅವಳು ಮೂರನ್ನೂ, ಶಾಲೆಯ ಮರಾಠಿಯನ್ನೂ ಅರ್ಥ ಮಾಡಿಕೊಂಡು ಬಾಯಿಗೆ ಬಂದದ್ದರಲ್ಲಿ ಉತ್ತರ ಕೊಡುತ್ತಾಳೆ. ಭೂವಿಜ್ಞಾನ ತೆಗೆದುಕೊಳ್ಳುತ್ತೇನೆ ಎಂದಾಗ ಅವಳ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಕಲ್ಲಲ್ಲಿ ಓದ್ಲಿಕ್ಕೆ ಎಂತ ಉಂಟು?"

ಓದಲಿಕ್ಕೆ ಇದ್ದದ್ದನ್ನು ನಾನು ಅವಳ ಪ್ರಬಂಧದ ಕರಡು ತಿದ್ದುತ್ತ ತಿಳಿದುಕೊಂಡೆ. ಅವಳ ವಿಷಯ ಇಷ್ಟು: ಪದರ ಶಿಲೆಯ ಒಳಗೆ ಕಾರ್ಬೊನೇಟ್ ಖನಿಜಗಳು ಯಾವ ಕ್ರಮದಲ್ಲಿ ಹುಟ್ಟಿದವು, ಹೇಗೆ ಬೆಳೆದವು, ಅವುಗಳನ್ನು ಬೆಳೆಸಿದ ನೀರು ಯಾವ ಕಡೆಯಿಂದ ಬಂತು.

ಕೆಸರು ಒಣಗಿದರೆ ಕಲ್ಲಾಗುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಸಮುದ್ರದ ತಳದಲ್ಲಿ ಸುಣ್ಣದ ಸಣ್ಣ ಕೆಸರು ಪದರ ಪದರವಾಗಿ ಕೂರುತ್ತದೆ. ಮೇಲಿನ ಪದರಗಳ ಭಾರಕ್ಕೆ ಕೆಳಗಿನದು ಒತ್ತಿಹೋಗುತ್ತದೆ, ನೀರಿನ ಬಹುಪಾಲು ಹಿಂಡಿ ಹೊರಗೆ ಹೋಗುತ್ತದೆ. ಕಣಗಳ ನಡುವಿನ ಸಂದಿಯಲ್ಲಿ ಉಳಿದ ನೀರು ಸುಮ್ಮನಿರುವುದಿಲ್ಲ. ಒತ್ತಡ ಹೆಚ್ಚಿದ್ದ ಕಡೆ ಸುಣ್ಣವನ್ನು ಕರಗಿಸಿಕೊಳ್ಳುತ್ತದೆ, ಕಡಿಮೆ ಇದ್ದ ಕಡೆ ಅದನ್ನು ಹರಳಾಗಿ ಬಿಡುತ್ತದೆ. ಆ ಹರಳು ಕ್ಯಾಲ್ಸೈಟ್. ಸಂದಿಗಳು ಅದರಿಂದ ತುಂಬಿದಷ್ಟೂ ಕೆಸರು ಗಟ್ಟಿಯಾಗುತ್ತದೆ. ನೀರಿನಲ್ಲಿ ಮೆಗ್ನೀಸಿಯಂ ಸೇರಿದ್ದರೆ ಮತ್ತೊಂದು ಖನಿಜ, ಡಾಲೊಮೈಟ್, ಬರುತ್ತದೆ. ಆಮೇಲೆ ಯಾವಾಗಲೋ ಕಲ್ಲು ಬಿರಿಯುತ್ತದೆ, ಬಿರುಕಿಗೆ ಹೊಸ ನೀರು ನುಗ್ಗುತ್ತದೆ, ಅದೂ ಹರಳು ಬಿಟ್ಟು ಹೋಗುತ್ತದೆ. ನೆಲಕ್ಕೆ ಹಾಸುವ ಫರಸಿಯ ಮೇಲೆ ನಾವು ನೋಡುವ ಬಿಳಿ ಗೆರೆಗಳು ಹೀಗೆ ತುಂಬಿದ ಬಿರುಕುಗಳು.

ನಮ್ಮ ಸೊಸೈಟಿಯ ಪಾರ್ಕಿಂಗಿನ ಸೂರಿನಲ್ಲಿ, ಸ್ಲ್ಯಾಬು ಸೋರುವ ಕಡೆ, ಬಿಳಿ ಕಡ್ಡಿಗಳು ಇಳಿಬಿದ್ದಿವೆ. ಸಿಮೆಂಟಿನ ಸುಣ್ಣ ನೀರಿನ ಜೊತೆ ಇಳಿದು, ಗಾಳಿ ತಾಗಿ ಅದೇ ಕ್ಯಾಲ್ಸೈಟ್ ಆಗಿದೆ. ಕಮಿಟಿಯವರು ಪ್ರತಿ ವರ್ಷ ಅವನ್ನು ಕೋಲಿನಿಂದ ಬೀಳಿಸಿ ಬಣ್ಣ ಹೊಡೆಸುತ್ತಾರೆ. ಸೋರುವುದನ್ನು ನಿಲ್ಲಿಸುವುದಿಲ್ಲ. ಮಗಳು ಒಮ್ಮೆ ಸಭೆಯಲ್ಲಿ ಇದನ್ನು ವಿವರಿಸಲು ಹೋದಾಗ ಸೆಕ್ರೆಟರಿ, "ಬಾಳಾ, ಪೇಂಟರ್‌ಲಾ ಸಾಂಗ್," ಎಂದರು. ಪೇಂಟರನಿಗೆ ಹೇಳು, ಮಗು.

ಠಾಣೆ, ಕಲ್ಯಾಣದ ನೆಲವೆಲ್ಲ ಕಪ್ಪು ಬಸಾಲ್ಟು, ಹಿಂದೆ ಹರಿದು ಆರಿದ ಲಾವಾ. ಇಲ್ಲಿ ಸುಣ್ಣಕಲ್ಲಿನ ಪದರ ಸಿಗುವುದಿಲ್ಲ. ಸಿಗುವುದೆಲ್ಲ ಲಾರಿಯಲ್ಲಿ ಬಂದು ಯಾರದೋ ಅಡುಗೆಮನೆಗೆ ಹಾಸಿಹೋದದ್ದು. ಅದಕ್ಕಾಗಿ ಅವಳು ಆ ಜನವರಿಯಲ್ಲಿ ಕಾಲೇಜಿನ ತಂಡದ ಜೊತೆ ಕಲಬುರಗಿ ಜಿಲ್ಲೆಯ ಒಂದು ಫರಸಿ ಗಣಿಗೆ ಹೋಗಿದ್ದಳು. ಚಿಪ್ಪಿನ ಪ್ರಾಣಿಗಳೂ ಹುಟ್ಟಿರದ ಕಾಲದ ಕೆಸರು ಅದು. ಗಣಿಯ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲಿ ಅವಳಿಗೆ ಬೇಕಾದದ್ದು ಸಿಕ್ಕಿತು: ಒಳಗೆ ಸಣ್ಣ ಪೊಳ್ಳಿದ್ದು, ಆ ಪೊಳ್ಳನ್ನು ಬಿಳಿ ಗೆರೆಗಳು ಕೊಯ್ದುಕೊಂಡು ಹೋದ ತುಂಡು. ಕಂಪಾಸು ಇಟ್ಟು ಬಾಣ ಬರೆದಳು. ಹನ್ನೆರಡು ಕೆಜಿಯ ಹತ್ತಿರ ತೂಕ. ತಂಡದ ಬಸ್ಸಿನಲ್ಲಿ ಜಾಗವಿರಲಿಲ್ಲ.

ಆಗ ನೆನಪಾದವನು ಗಾರೆ ಕೆಲಸ ಮಾಡುವ ನಮ್ಮ ಗೌಂಡಿ. ಅವನ ಹೆಂಡತಿಯ ತವರು ಅದೇ ಗಣಿಯ ಪಕ್ಕದ ಹಳ್ಳಿ. ಅವನಿರುವುದು ಕಾಮೋಠೆಯಲ್ಲಿ, ಕೆಲಸ ಸಿಕ್ಕಿದ ಕಡೆ ಫರಸಿ ಹಾಸುತ್ತಾನೆ. ನಮ್ಮ ಹೋಟೆಲಿನ ಅಡುಗೆಮನೆಯ ನೆಲ ಹಾಸಿದವನೂ ಅವನೇ. ಕಲ್ಲನ್ನು ಅವನ ಮಾವನ ಮನೆಯಲ್ಲಿಟ್ಟು ಬಂದರೆ, ಯುಗಾದಿಗೆ ಊರಿಗೆ ಹೋದವನು ಬರುವಾಗ ತರುತ್ತೇನೆ ಎಂದ. ತಂದ. ಸೈಟಿನಲ್ಲಿಟ್ಟಿದ್ದೇನೆ, ಬಂದು ಒಯ್ಯಿರಿ ಎಂದು ಫೋನು ಮಾಡಿದ.

ಇಲ್ಲಿ ಇನ್ನೆರಡು ವಿಷಯ ಹೇಳಬೇಕು. ಪ್ರಬಂಧವನ್ನು ಮೇ ತಿಂಗಳಲ್ಲಿ ಸಲ್ಲಿಸಬೇಕಿತ್ತು. ಸಲ್ಲಿಸಿದರೆ ಜೂನಿನಿಂದ ಒಂದು ಸಂಶೋಧನಾಲಯದಲ್ಲಿ ಅವಳಿಗೆ ಜಾಗ ಸಿಗುವುದಿತ್ತು, ಇಲ್ಲದಿದ್ದರೆ ಇಲ್ಲ. ಮತ್ತು ಪ್ರಬಂಧದ ಮುಖ್ಯ ಅಧ್ಯಾಯ ನಿಂತಿದ್ದದ್ದು ಆ ಒಂದು ಕಲ್ಲಿನ ಮೇಲೆ.

ಸೈಟಿನ ಗೇಟಿನಲ್ಲಿ ಗೌಂಡಿ ನಮಗಾಗಿ ಕಾಯುತ್ತಿದ್ದ. ಭಾನುವಾರ ಕೆಲಸವಿರಲಿಲ್ಲ. ಅಂಗಿ ಇಸ್ತ್ರಿಯಾಗಿತ್ತು.

"ಬರ್ರಿ ಅಕ್ಕಾರ. ಬಾ ಬೇಟಾ. ನಿನ್ನ ಮಾಲು ರೆಡಿ ಅದ ನೋಡು."

ಸಿಮೆಂಟಿನ ಖಾಲಿ ಚೀಲವೊಂದನ್ನು ಹಾಸಿ, ಅದರ ಮೇಲೆ ಕಲ್ಲನ್ನು ಇಟ್ಟಿದ್ದ. ನಾನು ಫೋಟೊದಲ್ಲಿ ನೋಡಿದ್ದ ಕಲ್ಲು ಕೆಂಪು ಮಣ್ಣು ಮೆತ್ತಿಕೊಂಡು ಮೂಲೆಮೂಲೆಗೆ ಚಾಚಿಕೊಂಡಿತ್ತು. ಇಲ್ಲಿದ್ದದ್ದು ತಿಳಿ ಬೂದು ಬಣ್ಣದ್ದು, ನಾಲ್ಕೂ ಕಡೆ ಚೊಕ್ಕ, ಹೆಚ್ಚುಕಡಿಮೆ ಚೌಕ.

ಮಗಳು ಮೊಣಕಾಲೂರಿ ಕೂತು ಕಲ್ಲನ್ನು ಒಂದು ಸುತ್ತು ತಿರುಗಿಸಿದಳು. ಮತ್ತೊಂದು ಸುತ್ತು ತಿರುಗಿಸಿದಳು. "ಅಮ್ಮಾ, ಬಾಣ ಕುಠೇ ಆಹೆ?"

ನನಗೂ ಬಾಣ ಕಾಣಲಿಲ್ಲ.

"ಕಾಕಾ, ಆಪ್‌ನೆ ಧೋ ದಿಯಾ ಕ್ಯಾ?"

"ತೊಳೀದೆ ಕೊಡ್ತೀನೇನ್ ಬೇಟಾ?" ಗೌಂಡಿಗೆ ಖುಷಿಯಾಗಿತ್ತು. "ಊರಾಗಿನ ಮಣ್ಣು, ದನದ ಕೊಟ್ಟಿಗ್ಯಾಗ ಇಟ್ಟಿದ್ರು ನಮ್ಮ ಮಾವಾರು, ಅದರ ಮ್ಯಾಲ ಕರೀ ಗೀಟು ಬ್ಯಾರೆ. ಕಾಲೇಜಿಗಿ ಹೋಗೂ ಮಾಲು ಹಂಗ ಕೊಟ್ರ ನನ್ನ ಮರ್ಯಾದಿ ಏನಾಗ್ತದ? ನೀರಿಗಿ ಹೋಗ್ಲಿಲ್ಲ. ಆಸಿಡ್ ಹಾಕಿ ತಿಕ್ಕೀನಿ. ಭುಸು ಭುಸು ನೊರಿ ಬಂತ್ ನೋಡ್ರಿ ಅಕ್ಕಾರ, ಅಷ್ಟು ಹೊಲಸಿತ್ತು."

"ಹೊಲಸು ಅಲ್ಲ ಅದು," ಮಗಳು ಕನ್ನಡಕ್ಕೆ ಬಂದಳು. ಸಿಟ್ಟು ಬಂದಾಗ ಬರುತ್ತಾಳೆ. "ಅದು ಕಲ್ಲು. ಕಲ್ಲೇ ಕರಗಿ ಗ್ಯಾಸ್ ಆಗಿ ಹೋದದ್ದು."

"ಗೊತ್ತದ ಬೇಟಾ, ಪಾಲಿಶ್ ಕಲ್ಲಿಗಿ ನಾವು ಆಸಿಡ್ ಹಚ್ಚಂಗಿಲ್ಲ, ಹೊಳಪು ಹೋಗ್ತದ. ಇದು ರಫ್ ಇತ್ತಲ್ಲ? ಅದಕ್ಕ ಹಚ್ಚೀನಿ."

"ಮತ್ತೆ ಕೋನೆಗಳು? ಇಲ್ಲಿ ಒಂದು ಕೋನಾ ಇತ್ತು."

"ಕಿವಿ ತಗದೀನಿ. ಕಿವಿ ಇದ್ದ ಕಲ್ಲು ಯಾರಾದ್ರೂ ಮಂದಿ ಕೈಯಾಗ ಕೊಡ್ತಾರೇನು?"

ಫರಸಿ ಹಾಸುವವರು ಚಾಚಿದ ಮೂಲೆಗೆ ಕಿವಿ ಎನ್ನುತ್ತಾರೆ. ಅವರ ಪದ್ಧತಿ ಇದು, ಇದನ್ನು ನಾನು ನಮ್ಮ ಹೋಟೆಲಿನಲ್ಲೇ ನೋಡಿದ್ದೇನೆ. ನೆಲ ಹಾಸಿ ಮುಗಿಸಿದ ದಿನ ಅವನು ಬೀಗದ ಕೈ ಕೊಡಲಿಲ್ಲ. ಮರುದಿನ ಬಂದು, ಸಿಮೆಂಟಿನ ಕಲೆಗಳನ್ನು ತೆಳು ಆಸಿಡ್ಡಿನಿಂದ ಒಂದೊಂದಾಗಿ ತೆಗೆದು, ನೀರು ಹೊಡೆದು, ಬರಿಗಾಲಲ್ಲಿ ಒಂದು ಸಲ ನಡೆದು ನೋಡಿ ಆಮೇಲೆ ಕೊಟ್ಟ. ಅಂಚು ಕೆತ್ತದ, ಕಲೆ ತೆಗೆಯದ ಕಲ್ಲನ್ನು ಗಿರಾಕಿಯ ಕೈಗೆ ಕೊಡುವುದು ಅವರಲ್ಲಿ ಅವಮಾನ. ಆ ಕರೀ ಗೀಟನ್ನು ಅವನು ಗಣಿಯವರು ಲೆಕ್ಕಕ್ಕೆ ಎಳೆದ ಗುರುತು ಎಂದುಕೊಂಡಿದ್ದ. ಲಾರಿಗೆ ತುಂಬುವ ಕಲ್ಲುಗಳ ಮೇಲೆ ಅಂಥ ಗೀಟುಗಳು ಇರುತ್ತವೆ, ಹಾಸುವ ಮುಂಚೆ ಅವನ್ನು ತೆಗೆಯಲೇಬೇಕು. ಒಂದು ಬಾಣ ಮೇಲಕ್ಕೆ, ಇನ್ನೊಂದು ಉತ್ತರಕ್ಕೆ ಎಂದು ಮಗಳು ಅವನಿಗೆ ಈಗ ಹೇಳಿದಳು.

ಯಾರ ಮೇಲೆ ಸಿಟ್ಟು ಮಾಡುವುದು ಎಂದು ಗೊತ್ತಾಗದ ಸ್ಥಿತಿ ನನಗೆ ಹೊಸದಲ್ಲ. ನಾನು ಬಹಳ ವರ್ಷ ಪತ್ರಿಕೆಯ ಡೆಸ್ಕಿನಲ್ಲಿದ್ದವಳು. ಆದರೆ ಅಲ್ಲಿ ಮರುದಿನ ತಿದ್ದುಪಡಿ ಹಾಕಬಹುದಿತ್ತು.

ಮಗಳು ಎದ್ದು, "ಕಾಕಾ, ಕಟರ್ ಹೈ?" ಎಂದಳು.

"ಅದ. ಯಾಕ?"

"ಕಾಟೋ. ಯಹಾಂ ಸೆ ಯಹಾಂ ತಕ್." ಬೆರಳಿನಿಂದ ಗೆರೆ ಎಳೆದು ತೋರಿಸಿದಳು. ಪೊಳ್ಳು ಇರುವ ಜಾಗ ಅವಳಿಗೆ ನೆನಪಿತ್ತು. ಪೊಳ್ಳು ಒಳಗಿದೆ ಎಂದು ಗಣಿಯಲ್ಲಿ ತೋರಿಸಿಕೊಟ್ಟಿದ್ದ ಕಂದು ಚುಕ್ಕೆ ಅಂಚಿನಲ್ಲಿ ಇನ್ನೂ ಉಳಿದಿತ್ತು.

ಕಾಲೇಜಿನಲ್ಲಿ ಕೊಯ್ಯಬೇಕಾದ್ದನ್ನು ಇಲ್ಲಿ ಯಾಕೆ ಎಂದು ನಾನು ಕೇಳಿದೆ. "ಆತಾ ಕಾಯ್ ಉರಲಂಯ್?" ಎಂದಳು. ಇನ್ನೇನು ಉಳಿದಿದೆ.

ಕಟರಿನ ಬ್ಲೇಡು ಅಷ್ಟು ಆಳಕ್ಕೆ ಹೋಗುವುದಿಲ್ಲ. ಗೌಂಡಿ ಒಂದು ಕೈಯಲ್ಲಿ ಬಾಟಲಿಯಿಂದ ನೀರು ಬಿಡುತ್ತ ಎರಡೂ ಕಡೆಯಿಂದ ಗೀರಿದ, ಆಮೇಲೆ ಗೀರಿನಲ್ಲಿ ಉಳಿ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಕಲ್ಲು ಎರಡು ಹೋಳಾಯಿತು. ಮೇಲಿನ ಬಿಳಿ ರಾಡಿಯನ್ನು ಮಗಳು ತಾನು ತಂದಿದ್ದ ಟವೆಲಿನಿಂದ ಒರಸಿದಳು.

ನಡುವೆ ಹೆಬ್ಬೆರಳಿನಷ್ಟು ಉದ್ದದ ಪೊಳ್ಳು. ಅದರ ಒಂದು ಪಕ್ಕದಲ್ಲಿ ಬೂದು ಮಣ್ಣು, ಪೊಳ್ಳಿನ ಕಡೆಯ ಮುಖ ಸಪಾಟು. ಉಳಿದ ಕಡೆಯೆಲ್ಲ ಪೊಳ್ಳಿನ ಗೋಡೆಗೆ ಅಂಟಿಕೊಂಡು ಅಕ್ಕಿನುಚ್ಚಿನಂಥ ಸಣ್ಣ ಹರಳುಗಳು, ಅವುಗಳ ಮೇಲೆ ಒಳಮುಖವಾಗಿ ಬೆಳೆದ ದೊಡ್ಡ, ತಿಳಿಯಾದ ಹರಳುಗಳು. ಇಷ್ಟೆಲ್ಲವನ್ನೂ ಅಡ್ಡಕ್ಕೆ ಕೊಯ್ದುಕೊಂಡು ಹೋದ ಎರಡು ಬಿಳಿ ಗೆರೆ.

"ಇದೇನ್ ಸಕ್ಕರಿ ಬಿದ್ದಂಗ ಅದಲ್ಲ," ಗೌಂಡಿ ಬಗ್ಗಿದ.

ಮಗಳು ಹೋಳನ್ನು ತಿರುಗಿಸಿ, ಸಪಾಟು ಮಣ್ಣು ಕೆಳಗೆ ಬರುವಂತೆ ಹಿಡಿದಳು. ಸಿಟ್ಟು ಹೋಗಿರಲಿಲ್ಲ, ಆದರೆ ವಿವರಿಸುವಾಗ ಅವಳಿಗೆ ಬೇರೆ ಏನೂ ನೆನಪಿರುವುದಿಲ್ಲ. ನೀರು ಕಲ್ಲನ್ನು ತಿಂದು ಪೊಳ್ಳು ಮಾಡಿತು. ನೀರಿನ ಜೊತೆ ಬಂದ ಸಣ್ಣ ಮಣ್ಣು ತಳಕ್ಕೆ ಕೂತಿತು, ಕೂತದ್ದರಿಂದ ಸಪಾಟಾಯಿತು. ಆಮೇಲೆ ಗೋಡೆಯ ಮೇಲೆ ಕ್ಯಾಲ್ಸೈಟ್ ಹುಟ್ಟಿತು.

"ಗೋಡೆ ಹತ್ತಿರ ಸಣ್ಣದು, ಒಳಗ ದೊಡ್ಡದು. ಯಾಕ?" ಗೌಂಡಿ ಕೇಳಿದ.

"ಡೋಂಬಿವಲಿ ಮೆ ಸುಬಹ್ ಕಾ ಲೋಕಲ್ ದೇಖಾ ಹೈ ನಾ ಕಾಕಾ? ದರ್ವಾಜೆ ಪೆ ಕಿತ್ನೆ ಲೋಗ್. ಎಲ್ಲ ತಿರುಗಿ ತಿರುಗಿ ನಿಂತಿರ್ತಾರೆ. ಜಿಸ್ಕಾ ಮುಂಹ್ ಒಳಗೆ ಇರುತ್ತೆ, ಅವರಿಗೇ ದಾರಿ. ಬಾಕಿಯವರು ಅಲ್ಲೇ ದಬ್ ಜಾತೆ ಹೈಂ."

"ಹಾಂ, ನಾನು ಬಾಗಿಲದಾಗೇ ಉಳೀಯೂ ಪೈಕಿ," ಗೌಂಡಿ ನಕ್ಕ. ಹರಳಿನ ವಿಷಯದಲ್ಲಿ ಅವಳು ಹೇಳಿದ್ದು ಸರಿಯಾಗಿತ್ತು. ಗೋಡೆಯ ಮೇಲೆ ನೂರಾರು ಹರಳು ಒಟ್ಟಿಗೆ ಹುಟ್ಟುತ್ತವೆ, ಒಳಮುಖವಾಗಿ ಬೇಗ ಬೆಳೆಯುವಂತೆ ಕೂತ ಕೆಲವು ಮಾತ್ರ ಉಳಿದವನ್ನು ಅದುಮಿ ಮುಂದೆ ಹೋಗುತ್ತವೆ. ಬಿಳಿ ಗೆರೆ ಎಲ್ಲವನ್ನೂ ಕೊಯ್ದಿರುವುದರಿಂದ ಅದು ಕೊನೆಗೆ ಬಂದದ್ದು.

ಗೌಂಡಿ ಸಪಾಟು ಮಣ್ಣಿನ ಮೇಲೆ ಬೆರಳಿಟ್ಟ. "ಅಂದ್ರ ಇದು ಕೆಳಗ, ಇದು ಮ್ಯಾಲ. ಒಳಗ ಮಟ್ಟ ನೋಡೂ ಲೆವಲ್ ಬಾಟ್ಲಿ ಇಟ್ಟಂಗ ಅದ. ನಿನ್ನ ಒಂದು ಬಾಣ ಸಿಕ್ಕಂಗಾತಲ್ಲ?"

"ಒಂದು ಸಿಕ್ತು."

"ಇನ್ನೊಂದು? ಉತ್ತರ?"

"ವೋ ಇಸ್ಮೆ ನಹೀ ಹೈ, ಕಾಕಾ." ಅದು ಇದರಲ್ಲಿಲ್ಲ.

ಅವನು ಕಟರಿನ ವಯರು ಸುತ್ತತೊಡಗಿದ. ಆಮೇಲೆ ನನ್ನ ಕಡೆ ತಿರುಗಿ, ಮಗಳಿಗೆ ಕೇಳಿಸದಂತೆ, "ಅಕ್ಕಾರ, ಬಹಳ ಲುಕ್ಸಾನ್ ಆತೇನ್ರಿ?" ಎಂದ. ನಾನು ಹೌದು ಎಂದೆ. ಇಲ್ಲ ಎನ್ನಬಹುದಿತ್ತು.

ಉತ್ತರ ಯಾಕೆ ಬೇಕಿತ್ತೆಂದರೆ, ಬಿಳಿ ಗೆರೆಗಳು ಯಾವ ದಿಕ್ಕಿಗೆ ಓಡುತ್ತವೆ ಎಂದು ಗೊತ್ತಾದರೆ ಬಿರುಕು ಯಾವ ಕಡೆಯ ಎಳೆತಕ್ಕೆ ಬಿಟ್ಟುಕೊಂಡಿತು, ನೀರು ಎತ್ತಲಿಂದ ಎತ್ತ ಹೋಗಬಹುದಿತ್ತು ಎಂದು ಹೇಳಬಹುದು. ದಿಕ್ಕಿಲ್ಲದ ಗೆರೆ ಬರೀ ಗೆರೆ.

ರಾತ್ರಿ ಊಟದ ಹೊತ್ತಿಗೆ ಹೋಟೆಲಿನಿಂದ ಬಂದ ಗಂಡ ಹೋಳುಗಳನ್ನು ನೋಡಿದರು. "ಎಂತ ಮಾರಾಯ್ತಿ, ಚಂದ ಉಂಟಲ್ಲ! ಅವ ಪಾಪ ಒಳ್ಳೇದಕ್ಕೇ ಮಾಡಿದ್ದು."

"ಒಳ್ಳೇದಕ್ಕೆ ಮಾಡಿದ್ದು ಅಂತ ಪ್ರಬಂಧದಲ್ಲಿ ಬರೀಲಿಕ್ಕಾಗುದಿಲ್ಲ," ಎಂದೆ.

"ಫೋಟೊ ಇಲ್ವಾ? ದೋಸೆ ತಿನ್ಲಿಕ್ಕೆ ಕೂತ್ರೂ ನಾಲ್ಕು ಫೋಟೊ ತೆಗೀತಾಳೆ ಇವಳು."

ಫೋಟೊ ಇತ್ತು. ಬಾಣ ಕಾಣುವ ಫೋಟೊ ಒಂದೇ, ಒಂದೇ ಮುಖದ್ದು. ಆ ವಾರ ಅವಳು ಹೋಳುಗಳನ್ನು ರಬ್ಬರ್ ಬ್ಯಾಂಡಿನಿಂದ ಜೋಡಿಸಿಟ್ಟುಕೊಂಡು, ಲ್ಯಾಪ್‌ಟಾಪಿನಲ್ಲಿ ಫೋಟೊ ದೊಡ್ಡದು ಮಾಡಿ ಹೊಂದಿಸಿ ನೋಡಿದಳು. ಫೋಟೊದಲ್ಲಿ ಗುರುತಿಗೆ ಸಿಗುತ್ತಿದ್ದ ಮೂಲೆಗಳನ್ನೆಲ್ಲ ಗೌಂಡಿ ಕೆತ್ತಿ ತೆಗೆದಿದ್ದ. ಆ ಮುಖದ ಸಣ್ಣ ಗೀರುಗಳನ್ನು ಆಸಿಡ್ ತಿಂದಿತ್ತು. ಉತ್ತರ ಈ ಕಡೆ ಇರಬಹುದು, ಅಥವಾ ಅದಕ್ಕೆ ಪೂರ್ತಿ ತಿರುಗಿ ಆ ಕಡೆ ಇರಬಹುದು, ನಡುವೆ ಎಲ್ಲಾದರೂ ಇರಬಹುದು. ಅವಳು ಕಳಿಸಿದ ಫೋಟೊಗಳನ್ನು ಗೈಡ್ ನೋಡಿ ವಾಟ್ಸಾಪಿನಲ್ಲಿ ಉತ್ತರಿಸಿದರು: ಅಂದಾಜಿನ ದಿಕ್ಕು ಬರೆಯಬಾರದು. ಗೆರೆಗಳ ಅಧ್ಯಾಯ ಬಿಟ್ಟು ಮೇನಲ್ಲಿ ಕೊಡು, ಇಲ್ಲವಾದರೆ ಮರು ನೋಂದಣಿ ಮಾಡಿಸಿ ಇನ್ನೊಂದು ಕಲ್ಲು ತಾ.

ಇನ್ನೊಂದು ಕಲ್ಲಿಗಾಗಿ ಗೌಂಡಿ ಆ ಭಾನುವಾರವೇ ಮಾವನಿಗೆ ಫೋನು ಮಾಡಿದ್ದ. ಗಣಿಯ ಗುತ್ತಿಗೆ ಮುಗಿದು ಮಾರ್ಚಿನಲ್ಲಿ ಕೆಲಸ ನಿಂತಿತ್ತು. ಪಂಪು ನಿಲ್ಲಿಸಿದ ಮೇಲೆ ನೀರು ಏರಿ, ಕೆಳಗಿನ ಮೆಟ್ಟಿಲು ಮುಳುಗಿತ್ತು. ಮೇಲಿನ ಮೆಟ್ಟಿಲುಗಳ ಕಲ್ಲುಗಳು ಅವಳ ಬಳಿ ಆಗಲೇ ಇದ್ದವು. ಅವುಗಳಲ್ಲಿ ಪೊಳ್ಳಿಲ್ಲ. ಬೇರೆ ಗಣಿ ಎಂದರೆ ಬೇರೆ ಬಿರುಕು, ಬೇರೆ ಕೆಲಸ, ಮೊದಲಿನಿಂದ.

ನಾನು ಅಧ್ಯಾಯ ಬಿಡು ಎಂದೆ. ಡೆಸ್ಕಿನಲ್ಲಿ ನಾವು ಮಾಡುತ್ತಿದ್ದದ್ದು ಅದನ್ನೇ: ಖಚಿತವಾಗದ್ದನ್ನು ಕತ್ತರಿಸು, ಪುಟ ಸಮಯಕ್ಕೆ ಕಳಿಸು. ಅವಳ ಅಪ್ಪನೂ ಅದನ್ನೇ ಹೇಳಿದರು, ಸ್ವಲ್ಪ ಜೋರಾಗಿ.

"ಜೂನಿಗೆ ಕೆಲಸ ಉಂಟು. ಒಂದು ಅಧ್ಯಾಯ ಹೋದ್ರೆ ಎಂತ ಆಗ್ತದೆ? ಸಾಂಬಾರಿಗೆ ಒಂದು ತರಕಾರಿ ಕಡಿಮೆ ಬಿದ್ರೆ ಗಿರಾಕಿ ಎದ್ದು ಹೋಗ್ತಾನಾ?"

"ಅಪ್ಪಾ, ಸಾಂಬಾರೇ ಇಲ್ಲ. ನೀರು ಎಲ್ಲಿಂದ ಬಂತು ಅಂತ ಕೇಳಿದ್ದೇನೆ ನಾನು, ಪೂರಾ ಥೀಸಿಸ್ ಅದೇ. ಅದು ಬಿಟ್ಟರೆ ಏಕ್ ತೂತಿನ ಫೋಟೊ, ಬಸ್."

"ಮತ್ತೆ ಒಂದು ವರ್ಷ ಮನೆಯಲ್ಲಿ ಕೂರುದಾ?"

"ಕೂತ್ಕೊಳಲ್ಲ."

ನಾನು ಎರಡು ದಿನ ಬಿಟ್ಟು ಮತ್ತೆ ಹೇಳಿ ನೋಡಿದೆ. ಬಾಗಿಲು ಹಾಕಿಕೊಂಡಳು. ಮೂರನೆಯ ಸಲ, ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ, ತಪ್ಪಿಸಿಕೊಳ್ಳಲು ಜಾಗವಿಲ್ಲದ ಕಡೆ, ಹೇಳಿದೆ. ಮುಂಬ್ರಾ ದಾಟುವವರೆಗೆ ಕಿಟಕಿಯ ಹೊರಗೆ ನೋಡುತ್ತಿದ್ದವಳು, "ಅಮ್ಮಾ, ಕನ್ಫರ್ಮ್ ಆಗದಿದ್ದ ಬಾತ್ಮಿ ನೀನು ಕಾಟ್ ಮಾಡ್ತಿದ್ದೆ. ಆದರೆ ಅದೇ ಹೆಡ್‌ಲೈನ್ ಆಗಿದ್ರೆ?" ಎಂದಳು. ನಾವು ಅಂಥದ್ದನ್ನು ತಡೆಹಿಡಿಯುತ್ತಿದ್ದೆವು. ಅದನ್ನು ನಾನು ಅವಳಿಗೆ ಹೇಳಲಿಲ್ಲ.

ಮೇ ತಿಂಗಳಲ್ಲಿ ಅವಳು ಪ್ರಬಂಧ ಸಲ್ಲಿಸಲಿಲ್ಲ. ಜೂನಿನ ಜಾಗ ಬೇರೆಯವರಿಗೆ ಹೋಯಿತು. ಮರು ನೋಂದಣಿಯ ಕಾಗದಕ್ಕೆ ಅವಳ ಅಪ್ಪ ಓದದೇ ಸಹಿ ಹಾಕಿದರು. ಅವಳು ಬೆಳಿಗ್ಗೆ ಡೋಂಬಿವಲಿ ಪೂರ್ವದಲ್ಲಿ ಹೈಸ್ಕೂಲು ಮಕ್ಕಳಿಗೆ ಟ್ಯೂಶನ್ ಹೇಳುತ್ತಾಳೆ, ಮಧ್ಯಾಹ್ನ ಕಾಲೇಜಿಗೆ ಹೋಗುತ್ತಾಳೆ. ಕಲ್ಲಿನ ಒಂದು ಹೋಳಿನಿಂದ ತೆಳುವಾದ ಬಿಲ್ಲೆಗಳನ್ನು ಮಾಡಿಸಿ ಮೈಕ್ರೊಸ್ಕೋಪಿನಲ್ಲಿ ನೋಡಿ ಮೊದಲ ಎರಡು ಅಧ್ಯಾಯ ಮುಗಿಸಿದ್ದಾಳೆ. ಮಣ್ಣು, ಸಣ್ಣ ಕ್ಯಾಲ್ಸೈಟ್, ದೊಡ್ಡ ಕ್ಯಾಲ್ಸೈಟ್, ಅದರ ಮೇಲೆ ಅಲ್ಲಲ್ಲಿ ಡಾಲೊಮೈಟಿನ ಕಂದು ಹರಳು, ಕೊನೆಗೆ ಬಿಳಿ ಗೆರೆ. ಕ್ರಮದ ಬಗ್ಗೆ ಗೈಡ್ ತಕರಾರು ಮಾಡಿಲ್ಲ.

ಗೌಂಡಿ ಆ ಮಳೆಗಾಲದ ನಂತರ ಕಳಂಬೋಲಿಯ ಒಂದು ಸೈಟಿಗೆ ಹೋದ. ದೀಪಾವಳಿಗೆ ನಮ್ಮ ಮನೆಗೆ ಬಂದಾಗ ಚಹಾ ಕುಡಿದು, ಕಪ್ಪಾದ ನಮ್ಮ ಸಿಂಕಿನ ಕಟ್ಟೆಯನ್ನು ನೋಡಿ, "ಇದಕ್ಕ ಒಂದೀಟು ಆಸಿಡ್..." ಎಂದು ಶುರುಮಾಡಿ ನಿಲ್ಲಿಸಿದ. ಮಗಳು ಒಳಗಿನಿಂದ, "ಕಾಕಾ!" ಎಂದು ಕೂಗಿದಳು. ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಹೊರಡುವಾಗ ಅವನು ಅವಳಿಂದ ಒಂದು ಮಾರ್ಕರ್ ಪೆನ್ನು ಕೇಳಿ ಜೇಬಿಗೆ ಹಾಕಿಕೊಂಡ. ಗಣಿಯ ನೀರು ಇಳಿದ ದಿನ ಅವಳನ್ನು ತಾನೇ ಕರೆದುಕೊಂಡು ಹೋಗುತ್ತೇನೆ, ಕಲ್ಲನ್ನು ತಾನು ಮುಟ್ಟುವುದಿಲ್ಲ, ಹೊರುವುದಷ್ಟೇ ಎಂದ.

ಮರುವರ್ಷ ಯುಗಾದಿಗೆ ಊರಿಗೆ ಹೋದವನು ಅಲ್ಲಿಂದ ಮಗಳಿಗೆ ಒಂದು ಫೋಟೊ ಕಳಿಸಿದ್ದಾನೆ. ಗಣಿಯ ಅಂಚಿನಲ್ಲಿ ನಿಂತು ತೆಗೆದದ್ದು. ಕೆಳಗಿನ ಮೆಟ್ಟಿಲು ಕಾಣುವುದಿಲ್ಲ. ಅದರ ಮೇಲಿನ ಮೆಟ್ಟಿಲಿನ ಅರ್ಧದವರೆಗೆ ನೀರಿದೆ.